ಹತ್ತರ ಲೆಕ್ಕ

ಹನಕೆರೆ ಗೇಟು ದಾಟಿದ ಮೇಲೆ, ಪಂಚರ್ ಅಂಗಡಿ ಪಕ್ಕ,
ನಮ್ಮ ವೇ ಬ್ರಿಡ್ಜು.
ಕಬ್ಬಿನ ಗಾಡಿ, ಜಲ್ಲಿ ಲಾರಿ, ಬೂದುಗುಂಬಳ ತುಂಬಿದ ಟೆಂಪೊ,
ಹತ್ತೊಂಬತ್ತು ವರ್ಷದಿಂದ ಕಿಟಕಿಯೊಳಗೆ ಕೂತು
ಎಲ್ಲರ ಭಾರ ಬರೆದುಕೊಟ್ಟಿದ್ದೇನೆ.

ಇಲ್ಲಿ ಬರುವವರಿಗೆಲ್ಲ ತೂಕ ಬೇಕು.
ಕಬ್ಬಿಗೆ ನೀರು ಹೊಡೆದುಕೊಂಡು ಬರುತ್ತಾರೆ,
ಕ್ಲೀನರ್ ಹುಡುಗನನ್ನು ಟಾರ್ಪಾಲಿನ ಕೆಳಗೆ ಮಲಗಿಸಿರುತ್ತಾರೆ,
"ಅಕ್ಕೋ, ಒಂದಿಪ್ಪತ್ತು ಕಿಲೋ ನೋಡ್ಕೊಳಕ್ಕೋ" ಅನ್ನುತ್ತಾರೆ.
ಕಡಿಮೆಯಾಗಲಿ ಎಂದು ಬೇಡಿಕೊಂಡವಳು
ನಾನೊಬ್ಬಳೇ.

ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ,
ಹೋಗಿ ಕಬ್ಬಿಣದ ಹಲಗೆಯ ನಡುವೆ ನಿಂತೆ.
ಬೋರ್ಡಿನ ಮೇಲೆ ಕೆಂಪಗೆ ನೂರ ಮೂವತ್ತು.
ಲಾರಿ ತೂಗುವ ಯಂತ್ರಕ್ಕೂ ನಾನು ಕಂಡಿದ್ದೆ.
ಆ ವಾರವೇ ಮೈಸೂರಿನ ಡಾಕ್ಟರಿಗೆ ಫೋನು.

ಎಂಟು ವರ್ಷ ಆಯಿತು.
ಜಠರದ ಮುಕ್ಕಾಲು ಭಾಗ ಕತ್ತರಿಸಿ
ಒಂದು ಬಾಳೆಕಾಯಿಯಷ್ಟು ಉಳಿಸಿದರು.
"ಒಂದೊಂದು ತುತ್ತೂ ಮೂವತ್ತು ಸಲ ಅಗೀಬೇಕು ಆಂಟಿ"
ಅಂದಳು ಡಯಟಿಷಿಯನ್ ಹುಡುಗಿ. ನಕ್ಕೆ, ಹೊಲಿಗೆ ಎಳೆಯಿತು.
ನನ ತಾಯಿ, ನಮ್ಮ ಕಡೆ ಮುದ್ದೆಗೆ ಹಲ್ಲು ತಾಗಿಸಿದವಳನ್ನು
ಬೆಂಗಳೂರಿನವಳು ಅನ್ನುತ್ತಾರೆ.
ನಾನು ನುಂಗಲು ಕಲಿತದ್ದು ನಡೆಯುವುದಕ್ಕಿಂತ ಮೊದಲು.
ನಲವತ್ತೊಂದರಲ್ಲಿ ಮುದ್ದೆ ಅಗಿಯಲು ಕೂತೆ,
ನನ್ನದೇ ಅಡುಗೆಮನೆಯಲ್ಲಿ, ಬಾಗಿಲು ಹಾಕಿಕೊಂಡು.

ಮೊದಲ ವರ್ಷ ಹಬ್ಬ.
ರವಿಕೆಗಳೆಲ್ಲ ತಂಗಿಗೆ ಹೋದವು.
ಬಳೆ ಅಂಗಡಿಯ ಖಮರುನ್ನೀಸಾ ಎರಡು ಹತ್ತರಿಂದ ಎರಡು ಆರಕ್ಕೆ ಇಳಿಸಿ
"ಮದುವೆ ಹೆಣ್ಣಿನ ಕೈ ಆಯ್ತಲ್ಲಮ್ಮ" ಅಂದರು.
ಐದನೇ ತಿಂಗಳು ಕೂದಲು ಬಾಚಣಿಗೆಗೆ ಬಂತು, ಹಿಡಿ ಹಿಡಿ.
ಬೀಗರೂಟದಲ್ಲಿ ಅರ್ಧ ಪೀಸು ತಿಂದು ಎದ್ದರೆ
ಪಂಕ್ತಿಯವರೆಲ್ಲ ಕಣ್ಣಲ್ಲೇ ಕೇಳಿದರು, ಯಾವ ಕಾಯಿಲೆ.
ಎರಡು ಗುಟುಕು ಕಬ್ಬಿನ ಹಾಲಿಗೆ
ಮೈಯೆಲ್ಲ ಬೆವತು, ಎದೆ ಬಡಿದುಕೊಂಡು,
ಬಿಲ್ ಪುಸ್ತಕದ ಮೇಲೆ ತಲೆಯಿಟ್ಟದ್ದೂ ಉಂಟು.

ಇದನ್ನೆಲ್ಲ ಆಸ್ಪತ್ರೆಯಲ್ಲೇ ಹೇಳಿ ಕಳಿಸಿದ್ದರು.
ಆಮೇಲಿನ ವರ್ಷಗಳನ್ನು ಯಾರೂ ಹೇಳಿರಲಿಲ್ಲ.
ನಾಲ್ಕನೆಯದು, ಐದನೆಯದು,
"ಎಷ್ಟು ಸಣ್ಣಗಾದೆ!" ನಿಂತುಹೋದ ವರ್ಷಗಳು.
ಹುಟ್ಟಿದಾಗಿನಿಂದ ಇವಳು ಹೀಗೇ ಎಂಬಂತೆ
ಹೊಸ ಡ್ರೈವರುಗಳು ಚಿಲ್ಲರೆ ಕೇಳುವ ವರ್ಷಗಳು.
ಮೂರು ತಿಂಗಳಿಗೊಂದು ಬಿ-ಟ್ವೆಲ್ವ್ ಸೂಜಿ.
ತೋಳಿನಲ್ಲಿ ಜೋತ ಚರ್ಮವನ್ನು
ಗೋಣಿಚೀಲದ ಬಾಯಿ ಮಡಿಸಿದಂತೆ ಮಡಿಸಿ ರವಿಕೆಯೊಳಗೆ ಸೇರಿಸುವುದು.
ಆ ಬಾಳೆಕಾಯಿಯೂ ಮೆಲ್ಲಗೆ ಮಾತು ಕಲಿಯಿತು.
ಅರ್ಧ ಇಡ್ಲಿಗೆ ಸಾಕು ಅನ್ನುತ್ತಿದ್ದದ್ದು ಈಗ ಎರಡೂವರೆ ಅನ್ನುತ್ತದೆ,
ಸಂಜೆ ನಾಲ್ಕಾದರೆ ಮದ್ದೂರು ವಡೆಯ ಹೆಸರೆತ್ತುತ್ತದೆ.

ಎಪ್ಪತ್ತಾರಕ್ಕೆ ಇಳಿದಿದ್ದೆ.
ಮನೆಯ ಮೆಷಿನು ಮೊನ್ನೆ ಎಂಬತ್ತನಾಲ್ಕು ಅಂದಿತು.
ಇಳಿದು ಹತ್ತಿದೆ. ಬಳೆ ತೆಗೆದಿಟ್ಟು ಹತ್ತಿದೆ.
ನಿಂಗರಾಜು ಪೇಪರಿನ ಹಿಂದಿನಿಂದ
"ಸೆಲ್ಲು ವೀಕಾಗಿರ್ಬೇಕು" ಅಂದರು.
ಬೆಳಿಗ್ಗೆ ಹೊಸ ಸೆಲ್ಲು ತಂದು ಹಾಕಿದರು, ಪಾಪ.
ಎಂಬತ್ತನಾಲ್ಕೇ.

ನಿನ್ನೆ ಮಧ್ಯಾಹ್ನ ಗಾಡಿ ಇರಲಿಲ್ಲ.
ಹೋಗಿ ಹಲಗೆಯ ನಡುವೆ ನಿಂತೆ.
ಎಂಬತ್ತು.
ಎಪ್ಪತ್ತಾರಿದ್ದಾಗಲೂ ಇದು ಎಂಬತ್ತೇ ಅಂದಿತ್ತು.
ಹತ್ತತ್ತರ ಮೆಟ್ಟಿಲ ಮೇಲೆ ಓಡಾಡುವ ಯಂತ್ರ,
ನಡುವಿನದು ಇದರ ಲೆಕ್ಕಕ್ಕಿಲ್ಲ:
ಕಂಕುಳಲ್ಲಿ ಒಂದು ಹುಂಜ, ಸೊಂಟದ ಮೇಲೆ ಎಳೆಮಗು,
ದಾರಿ ಮರೆಯದೆ ತಿರುಗಿ ಬಂದ ಎಂಟು ಕಿಲೋ.
ಇಂಥ ದೊಡ್ಡಮನಸ್ಸು ನನ್ನ ಅತ್ತಿಗೆಯರಿಗೂ ಇಲ್ಲ.
ಆದರೆ ಯಂತ್ರದ ಜೊತೆ ಹತ್ತೊಂಬತ್ತು ವರ್ಷ ಬಾಳಿದ್ದೇನೆ.
ಇನ್ನೊಂದು ಕಿಲೋ ಏರಿದರೆ
ಇದೇ ಬಾಯಲ್ಲಿ ತೊಂಬತ್ತು ಅನ್ನುತ್ತದೆ.

"ಅಕ್ಕೋ, ಇಳೀರಕ್ಕೋ, ಗಾಡಿ ಬತ್ತಾ ಐತೆ."
ಇಳಿದೆ. ತುಂಬಿದ ಗಾಡಿ ತೂಗಿ ಚೀಟಿ ಹರಿದೆ.
ಖಾಲಿ ಮಾಡಿಕೊಂಡು ಅದು ತಿರುಗಿ ಬರುವಷ್ಟರಲ್ಲಿ
ಡಬ್ಬಿ ಬಿಚ್ಚಿದೆ: ನಿಂಬೆಹಣ್ಣಿನಷ್ಟು ಮುದ್ದೆ, ಉಪ್ಪೆಸರು.
ಒಂದು ತುತ್ತು ಮುರಿದು ಬಾಯಿಗಿಟ್ಟು ಎಣಿಸತೊಡಗಿದೆ.
ಇಪ್ಪತ್ತೆರಡು, ಇಪ್ಪತ್ತಮೂರು,
ಖಾಲಿ ಗಾಡಿ ಹಲಗೆ ಹತ್ತಿತು.
ನುಂಗಿದೆ.